‘ಜಟಿಲ’ ಒಂದೇ ಸಾಲದು

ಓದುಗರ ಪತ್ರ: ಇಂಗ್ಲಿಷ್ ಲೇಖನಗಳನ್ನು ಕನ್ನಡಕ್ಕೆ ತರುವ ಅಭ್ಯಾಸ ನನ್ನದು. ಕಾಂಪ್ಲೆಕ್ಸ್, ಕಾನ್ವೊಲ್ಯೂಟೆಡ್, ಲ್ಯಾಬಿರಿಂಥೈನ್, ಬೈಜಾಂಟೈನ್, ರೂಬ್ ಗೋಲ್ಡ್‌ಬರ್ಗ್ – ಯಾವುದಕ್ಕೆ ನಿಘಂಟು ತೆರೆದರೂ ‘ಜಟಿಲ’, ‘ಸಂಕೀರ್ಣ’ ಎಂದೇ ಸಿಗುತ್ತದೆ. ಇವುಗಳ ನಡುವೆ ನಿಜಕ್ಕೂ ವ್ಯತ್ಯಾಸವಿದೆಯೆ, ಇಲ್ಲ ಬರೆಯುವವರು ಸುಮ್ಮನೆ ಪದ ಬದಲಿಸುತ್ತಾರೆಯೆ?

ಸಂಪಾದಕರ ಉತ್ತರ: ವ್ಯತ್ಯಾಸ ಇದೆ, ಅದು ದೊಡ್ಡದೇ. ಸಿಕ್ಕು ಎಲ್ಲಿದೆ, ಅದಕ್ಕೆ ಯಾರು ಹೊಣೆ ಎಂಬುದನ್ನು ಈ ಪದಗಳು ಬೇರೆಬೇರೆಯಾಗಿ ಹೇಳುತ್ತವೆ. ಎಲ್ಲಕ್ಕೂ ‘ಜಟಿಲ’ ಎಂದು ಬರೆದುಬಿಟ್ಟರೆ ಆ ಹೊಣೆ ಅನುವಾದದಲ್ಲಿ ಕಳೆದುಹೋಗುತ್ತದೆ. ನನಗೆ ಬೇಸರವಾಗುವುದು ಅಲ್ಲಿ.

ಮೊದಲು ಕಾಂಪ್ಲೆಕ್ಸ್. ಇದರ ಲ್ಯಾಟಿನ್ ಬೇರಿನಲ್ಲಿ ಹೆಣೆಯುವ ಅರ್ಥವಿದೆ. ಮಿದುಳು ಕಾಂಪ್ಲೆಕ್ಸ್, ಹವಾಮಾನ ಕಾಂಪ್ಲೆಕ್ಸ್; ಅದು ಯಾರ ತಪ್ಪೂ ಅಲ್ಲ, ವಸ್ತು ಇರುವುದೇ ಹಾಗೆ. ನಮ್ಮ ‘ಸಂಕೀರ್ಣ’ವನ್ನು ಇದೊಂದಕ್ಕೆ ಮೀಸಲಿಡಿ. ಕಾನ್ವೊಲ್ಯೂಟೆಡ್ ಎಂದರೆ ಮೂಲದಲ್ಲಿ ಸುರುಳಿ ಸುತ್ತಿದ್ದು. ಮಿದುಳಿನ ಮಡಿಕೆಗಳಿಗೆ ವೈದ್ಯರು ಇದೇ ಬೇರಿನ ಪದ ಬಳಸುತ್ತಾರೆ, ಅಲ್ಲಿ ಆಕ್ಷೇಪವೇನಿಲ್ಲ. ಆದರೆ ಒಂದು ವಾದವನ್ನೋ ಕಥೆಯನ್ನೋ ಕಾನ್ವೊಲ್ಯೂಟೆಡ್ ಎಂದರೆ ಅದು ದೂರು: ನೇರವಾಗಿ ಹೇಳಬಹುದಿತ್ತು, ಹೇಳಲಿಲ್ಲ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ. ‘ಸುತ್ತುಬಳಸಿನ’ ಎಂದು ಬರೆದರೆ ಆ ದೂರು ಉಳಿಯುತ್ತದೆ.

ಲ್ಯಾಬಿರಿಂಥೈನ್ ಪದದಲ್ಲಿ ಒಳಹೊಕ್ಕವನ ದಿಕ್ಕೆಟ್ಟ ಸ್ಥಿತಿ ಇದೆ. ಗ್ರೀಕ್ ಪುರಾಣದಲ್ಲಿ ಕ್ರೀಟ್ ದ್ವೀಪದ ರಾಜ ಮೈನಾಸ್‌ಗಾಗಿ ಶಿಲ್ಪಿ ಡೆಡಲಸ್ ಕಟ್ಟಿದ ಸುತ್ತುಮನೆಯೇ ಲ್ಯಾಬಿರಿಂತ್. ಒಳಗೆ ಗೂಳಿಯ ತಲೆಯ ರಾಕ್ಷಸ. ಅವನನ್ನು ಕೊಂದು ವೀರ ಥೀಸಿಯಸ್ ಹೊರಬಂದದ್ದು ರಾಜನ ಮಗಳು ಅರಿಯಾಡ್ನೆ ಕೊಟ್ಟ ದಾರದುಂಡೆಯನ್ನು ಹಿಡಿದು. ದಾರದುಂಡೆಗೆ ಹಳೆಯ ಇಂಗ್ಲಿಷಿನಲ್ಲಿ ‘ಕ್ಲ್ಯೂ’ ಎಂಬ ಹೆಸರಿತ್ತು. ಇಂದು ಪತ್ತೇದಾರರು ಹುಡುಕುವ ಕ್ಲ್ಯೂ, ನಮ್ಮ ಸುಳಿವು, ಅದೇ ಪದ. ನೂಲೊಂದು ಹೀಗೆ ಸುಳಿವಾಗಿ ಮಾರ್ಪಟ್ಟದ್ದನ್ನು ನೆನೆದಾಗಲೆಲ್ಲ ನನಗೆ ಸಂತೋಷವಾಗುತ್ತದೆ. ಇದಕ್ಕೆ ‘ಚಕ್ರವ್ಯೂಹದಂಥ’ ಎನ್ನಬಹುದು, ಆದರೆ ಯುದ್ಧದ ನೆನಪು ಬೇಡವಾದಲ್ಲಿ ‘ದಾರಿ ತಪ್ಪಿಸುವ’ ಸಾಕು.

ಬೈಜಾಂಟೈನ್ ಬಗ್ಗೆ ನನ್ನದೊಂದು ತಕರಾರಿದೆ. ಕ್ರಿ.ಶ. 330ರಿಂದ 1453ರವರೆಗೆ ಇಂದಿನ ಇಸ್ತಾಂಬುಲ್ ಆಗಿರುವ ಕಾನ್‌ಸ್ಟಾಂಟಿನೋಪಲ್‌ನಿಂದ ಆಳಿದ ಸಾಮ್ರಾಜ್ಯದ ಜನ ತಮ್ಮನ್ನು ರೋಮನ್ನರೆಂದೇ ಕರೆದುಕೊಂಡರು. ‘ಬೈಜಾಂಟೈನ್’ ಎಂಬ ಹೆಸರು ರೂಢಿಗೆ ಬಂದದ್ದು ಸಾಮ್ರಾಜ್ಯ ಬಿದ್ದ ಮೇಲೆ, ಪಶ್ಚಿಮ ಯುರೋಪಿನ ವಿದ್ವಾಂಸರಿಂದ. ಅರಮನೆಯ ಬಿರುದುಗಳು, ವಿಧಿಗಳು, ಒಳಸಂಚುಗಳೇ ಆ ಹೆಸರಿಗೆ ಅಂಟಿಕೊಂಡವು. ಸಾವಿರ ವರ್ಷಕ್ಕೂ ಮೀರಿ ಬಾಳಿದ ರಾಜ್ಯಕ್ಕೆ ಇದು ಅನ್ಯಾಯ. ಆದರೂ ಪದ ಬಳಕೆಯಲ್ಲಿದೆ, ಅರ್ಥವೂ ನಿಚ್ಚಳ: ಮೇಜಿನಿಂದ ಮೇಜಿಗೆ ಅಲೆಸುವ ಆಡಳಿತ, ಗುಟ್ಟು ಬೆರೆತ ಕಗ್ಗಂಟು. ಯಂತ್ರಕ್ಕೆ ಇದನ್ನು ಬಳಸಬೇಡಿ.

ಯಂತ್ರಕ್ಕೆ ರೂಬ್ ಗೋಲ್ಡ್‌ಬರ್ಗ್ ಇದ್ದಾರೆ. ಎಂಜಿನಿಯರಿಂಗ್ ಓದಿ ವ್ಯಂಗ್ಯಚಿತ್ರಕಾರರಾದ ಅಮೆರಿಕನ್ (1883–1970). 1931ರ ಅವರ ಚಿತ್ರವೊಂದರಲ್ಲಿ ತಾನಾಗಿ ಬಾಯೊರೆಸುವ ವಸ್ತ್ರವಿದೆ. ಸೂಪಿನ ಚಮಚ ಎತ್ತಿದರೆ ದಾರ ಎಳೆಯುತ್ತದೆ, ಸೌಟು ಬಿಸ್ಕತ್ತನ್ನು ಹಾರಿಸುತ್ತದೆ, ಗಿಳಿ ಅದರ ಹಿಂದೆ ನೆಗೆಯುತ್ತದೆ, ಗಿಳಿ ಕೂತಿದ್ದ ಕೋಲು ವಾಲಿ ಕಾಳು ಬಕೆಟ್ಟಿಗೆ ಸುರಿಯುತ್ತದೆ, ಆ ಭಾರಕ್ಕೆ ಲೈಟರ್ ಹೊತ್ತಿಕೊಂಡು ರಾಕೆಟ್ ಹಾರುತ್ತದೆ, ಕುಡುಗೋಲು ಇನ್ನೊಂದು ದಾರ ಕತ್ತರಿಸುತ್ತದೆ, ಆಗ ಲೋಲಕಕ್ಕೆ ಕಟ್ಟಿದ ವಸ್ತ್ರ ತೂಗಾಡಿ ಗಲ್ಲ ಒರೆಸುತ್ತದೆ. ಗಮನಿಸಿ, ಕೆಲಸ ಆಗುತ್ತದೆ! ಕಾನ್ವೊಲ್ಯೂಟೆಡ್‌ಗೂ ಇದಕ್ಕೂ ಇರುವ ಅಂತರ ಅದೇ. ಚಿಕ್ಕ ಕೆಲಸ, ಭಾರೀ ಏರ್ಪಾಡು. ಬ್ರಿಟಿಷರು ಇದೇ ಅರ್ಥದಲ್ಲಿ ತಮ್ಮ ಚಿತ್ರಕಾರ ಹೀತ್ ರಾಬಿನ್ಸನ್ ಹೆಸರು ಹೇಳುತ್ತಾರೆ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ ಗೂಢಲಿಪಿ ಬಿಡಿಸಲು ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕ್‌ನಲ್ಲಿ ಬಳಸಿದ, ಕಾಗದದ ಟೇಪುಗಳು ರಾಟೆಗಳ ಮೇಲೆ ಓಡುತ್ತಿದ್ದ ಯಂತ್ರಕ್ಕೂ ಆ ಹೆಸರೇ ಬಿದ್ದಿತ್ತು. ಕನ್ನಡದಲ್ಲಿ ಒಂದು ಪದದಲ್ಲಿ ಮುಗಿಸುವ ಹಟ ಬೇಡ. ‘ಅಲ್ಪ ಕೆಲಸಕ್ಕೆ ಅತಿ ಏರ್ಪಾಡು’ ಎಂದು ಬಿಡಿಸಿ ಬರೆಯಿರಿ.

ಇನ್ನು ನೀವು ಪತ್ರದ ಜೊತೆ ಕಳಿಸಿದ ವಾಕ್ಯ: ಪ್ರಮಾಣಪತ್ರ ಬೇಕಾದರೆ ಅರ್ಜಿ ಹಾಕಬೇಕು, ಅರ್ಜಿ ಹಾಕಲು ಆ ಪ್ರಮಾಣಪತ್ರವೇ ಬೇಕು. ಇದಕ್ಕೆ ಬೈಜಾಂಟೈನ್ ಕೂಡ ಸಾಲದು. ಯಾರನ್ನು ಕೇಳಬೇಕೆಂದೂ ತಿಳಿಯದೆ ಮನುಷ್ಯ ಸಿಕ್ಕಿಬಿದ್ದಾಗ ಇಂಗ್ಲಿಷಿನವರು ಲೇಖಕ ಫ್ರಾನ್ಜ್ ಕಾಫ್ಕಾ ಹೆಸರಿನಿಂದ ಕಾಫ್ಕಾಎಸ್ಕ್ ಎನ್ನುತ್ತಾರೆ. ಕಾಫ್ಕಾ ಹುಟ್ಟಿದ್ದು 1883ರ ಜುಲೈ 3ರಂದು, ಗೋಲ್ಡ್‌ಬರ್ಗ್ ಮರುದಿನ. ಆದರೆ ಗೋಲ್ಡ್‌ಬರ್ಗ್ ಹೆಸರಿನ ಪದ ನಗಿಸುತ್ತದೆ, ಕಾಫ್ಕಾ ಹೆಸರಿನದು ಉಸಿರುಗಟ್ಟಿಸುತ್ತದೆ. ನಿಮ್ಮ ವಾಕ್ಯಕ್ಕೆ ಎರಡನೆಯದೇ ಸರಿ.

ಒಂದು ತಿದ್ದುಪಡಿ. ಇಲ್ಲಿ ಅಚ್ಚಾಗದ ಪತ್ರದ ಕೊನೆಯ ಭಾಗದಲ್ಲಿ ಸುತ್ತಿಸುತ್ತಿ ಸಾಗುವ ವಾದಕ್ಕೆ ‘ಟಾರ್ಚರಸ್’ ಎಂದಿದ್ದೀರಿ. ನಿಮಗೆ ಬೇಕಾದದ್ದು ‘ಟಾರ್ಚುಅಸ್’. ಎರಡೂ ‘ತಿರುಚು’ ಎಂಬ ಒಂದೇ ಲ್ಯಾಟಿನ್ ಬೇರಿನವು, ಆದರೆ ಮೊದಲನೆಯದು ಹಿಂಸೆ, ಎರಡನೆಯದು ಬರಿಯ ಅಂಕುಡೊಂಕು. ಇಂಗ್ಲಿಷಿನಲ್ಲಿ ಒಂದು ‘ಆರ್’ ತೆಗೆದರೆ ಸರಿಹೋಗುತ್ತದೆ.