ಓದುಗರ ಪ್ರಶ್ನೆ: ಹೃದ್ರೋಗ ಸಂಶೋಧಕರ ಉಲ್ಲೇಖಗಳನ್ನು ಓದುವುದು ಹೇಗೆ?

ಪ್ರಶ್ನೆ: ಒಬ್ಬರೇ ಸಂಶೋಧಕರ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 41, ಸ್ಕೋಪಸ್‌ನಲ್ಲಿ 29 ಎಂದಿದೆ. ಯಾವುದನ್ನು ನಂಬಬೇಕು?

ಎಚ್-ಇಂಡೆಕ್ಸ್ 41 ಎಂದರೆ, ಇತರ ಲೇಖನಗಳಲ್ಲಿ ಕನಿಷ್ಠ 41 ಬಾರಿ ಉಲ್ಲೇಖಗೊಂಡ ಲೇಖನಗಳು ಆ ಸಂಶೋಧಕರಿಗೆ 41 ಇವೆ ಎಂದರ್ಥ. ಸ್ಕಾಲರ್, ಸ್ಕೋಪಸ್ ಎರಡೂ ಇಂಥ ಉಲ್ಲೇಖಗಳನ್ನು ಎಣಿಸುವ ತಾಣಗಳು. ಎರಡೂ ಅಂಕಿ ಸರಿಯಿರಬಹುದು, ಎಣಿಸುವ ರಾಶಿ ಬೇರೆ ಬೇರೆ. ಸ್ಕೋಪಸ್ ತಾನು ಆಯ್ದುಕೊಂಡ ಪ್ರಕಟಣೆಗಳನ್ನಷ್ಟೇ ನೋಡುತ್ತದೆ. ಸ್ಕಾಲರ್ ಪಿಎಚ್.ಡಿ. ಪ್ರಬಂಧ, ತಜ್ಞರ ಪರಿಶೀಲನೆಗೆ ಮುನ್ನವೇ ಹೊರಬರುವ ಪ್ರಿಪ್ರಿಂಟ್‌ಗಳನ್ನೂ ಧಾರಾಳವಾಗಿ ಸೇರಿಸಿಕೊಳ್ಳುವುದರಿಂದ ಅಲ್ಲಿನ ಅಂಕಿ ಸಾಮಾನ್ಯವಾಗಿ ದೊಡ್ಡದು. ಆದರೆ ಒಂದನ್ನು ಮೊದಲೇ ಪರೀಕ್ಷಿಸಿ: ಅದೇ ಹೆಸರಿನ ಬೇರೊಬ್ಬರ ಲೇಖನಗಳು ಸ್ಕಾಲರ್ ಪುಟಕ್ಕೆ ತಾವಾಗಿಯೇ ಸೇರಿಕೊಂಡಿರಬಹುದು. ಪಟ್ಟಿಯಲ್ಲಿ ಹೃದಯಕ್ಕೆ ಸಂಬಂಧವೇ ಇಲ್ಲದ ಶೀರ್ಷಿಕೆ ಕಂಡರೆ ಅನುಮಾನಪಡಿ. 2012ರಿಂದ ಬಳಕೆಯಲ್ಲಿರುವ ಸಂಶೋಧಕರನ್ನು ಗುರುತಿಸುವ 16 ಅಂಕಿಗಳ ಆರ್ಕಿಡ್ (ORCID) ಸಂಖ್ಯೆ ಇದ್ದರೆ ಅದರ ಪಟ್ಟಿಯೊಂದಿಗೆ ತಾಳೆ ನೋಡುವುದು ಸುಲಭ.

ಎಚ್-ಇಂಡೆಕ್ಸ್‌ನ ಲೆಕ್ಕವನ್ನೂ ಒಮ್ಮೆ ಕೈಯಾರೆ ಮಾಡಿ ನೋಡಿ. ಭೌತವಿಜ್ಞಾನಿ ಹೋರ್ಹೆ ಹಿರ್ಶ್ 2005ರಲ್ಲಿ ಸೂಚಿಸಿದ ಕ್ರಮವಿದು. ಏಳು ಲೇಖನಗಳಿಗೆ ಕ್ರಮವಾಗಿ 900, 210, 60, 12, 5, 4, 3 ಉಲ್ಲೇಖ ಬಂದಿವೆ ಎನ್ನಿ. ಐದನೆಯದಕ್ಕೆ ಐದು ಇವೆ, ಆರನೆಯದಕ್ಕೆ ಆರು ಇಲ್ಲ. ಹಾಗಾಗಿ ಎಚ್-ಇಂಡೆಕ್ಸ್ 5. ಒಟ್ಟು 1,194ರಲ್ಲಿ ಮುಕ್ಕಾಲು ಪಾಲು ಒಂದೇ ಲೇಖನದ್ದು ಎಂಬ ಮುಖ್ಯ ಸಂಗತಿಯನ್ನು ಈ ಅಂಕಿ ಹೇಳುವುದೇ ಇಲ್ಲ. ಆದ್ದರಿಂದ ಅಂಕಿಯನ್ನು ಬಿಟ್ಟು, ಹೆಚ್ಚು ಉಲ್ಲೇಖಗೊಂಡ ಮೊದಲ ಹತ್ತು ಲೇಖನಗಳನ್ನು ತೆರೆದು ನೋಡಿ ಎಂಬುದೇ ನಮ್ಮ ಸಲಹೆ.

ಪ್ರಶ್ನೆ: ಆ ಹತ್ತರಲ್ಲಿ ಏನನ್ನು ನೋಡಬೇಕು?

ಮೊದಲು ಲೇಖನದ ಬಗೆ. ಹೃದ್ರೋಗ ವಿಭಾಗದಲ್ಲಿ ಚಿಕಿತ್ಸಾ ಮಾರ್ಗಸೂಚಿಗಳಿಗೆ ಬರುವಷ್ಟು ಉಲ್ಲೇಖ ಮೂಲ ಸಂಶೋಧನೆಗೆ ಬರುವುದು ಅಪರೂಪ. ಮಾರ್ಗಸೂಚಿ ಬರೆಯುವುದು ಗೌರವದ ಕೆಲಸವೇ, ಆದರೆ ಅದು ಸಮಿತಿಯ ಕೆಲಸ, ಒಬ್ಬರ ಶೋಧವಲ್ಲ. ಅಮೆರಿಕದಲ್ಲಿ ಒಂದೇ ಮಾರ್ಗಸೂಚಿ ಎರಡು ಪತ್ರಿಕೆಗಳಲ್ಲಿ ಪ್ರಕಟವಾಗುವುದೂ ಉಂಟು. 2018ರ ಕೊಲೆಸ್ಟರಾಲ್ ಮಾರ್ಗಸೂಚಿ 'ಸರ್ಕ್ಯುಲೇಷನ್' ಮತ್ತು 'ಜೆಎಸಿಸಿ' ಎರಡರಲ್ಲೂ ಇದೆ. ಒಂದೇ ದಾಖಲೆ ಪಟ್ಟಿಯಲ್ಲಿ ಎರಡು ಲೇಖನವಾಗಿ ಕೂರುತ್ತದೆ. ವಿಧಾನದ ಲೇಖನಗಳ ಕಥೆಯೂ ಬೇರೆ: ಎಲ್‌ಡಿಎಲ್ ಎಂಬ 'ಕೆಟ್ಟ' ಕೊಲೆಸ್ಟರಾಲನ್ನು ಅಂದಾಜಿಸುವ ಫ್ರೀಡ್‌ವಾಲ್ಡ್ ಸೂತ್ರದ 1972ರ ಲೇಖನವನ್ನು ಆ ಸೂತ್ರ ಬಳಸಿದವರೆಲ್ಲ ಉಲ್ಲೇಖಿಸುತ್ತಾ ಬಂದಿದ್ದಾರೆ.

ಆಮೇಲೆ ಲೇಖಕರ ಸಾಲು. ವೈದ್ಯಕೀಯದಲ್ಲಿ ಮೊದಲ ಹೆಸರು ಸಾಮಾನ್ಯವಾಗಿ ಹೆಚ್ಚು ಕೆಲಸ ಮಾಡಿದವರದು, ಕೊನೆಯದು ತಂಡದ ಹಿರಿಯರದು. ನೂರಾರು ಆಸ್ಪತ್ರೆಗಳ ದೊಡ್ಡ ಪ್ರಯೋಗಗಳಲ್ಲಿ ರೋಗಿಗಳನ್ನು ಸೇರಿಸಿಕೊಟ್ಟವರ ಹೆಸರು ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ಲೇಖಕರಿಂದ ಪ್ರತ್ಯೇಕವಾಗಿ, ಸಹಯೋಗಿಗಳ ಪಟ್ಟಿಯಲ್ಲಿ ಬರುತ್ತದೆ. ಸ್ವವಿವರದಲ್ಲಿ ಈ ವ್ಯತ್ಯಾಸ ಮಾಯವಾಗಿದ್ದರೆ ಮೂಲ ಲೇಖನವನ್ನೇ ತೆರೆಯಬೇಕು.

ಪ್ರಶ್ನೆ: ಉಲ್ಲೇಖ ಹೆಚ್ಚಿದ್ದರೆ ಶೋಧ ಸರಿಯೆಂದೇ ಅರ್ಥವಲ್ಲವೇ?

ಅಲ್ಲ. ಖಂಡಿಸುವವರೂ ಉಲ್ಲೇಖಿಸಲೇಬೇಕು. ಮೂಳೆಮಜ್ಜೆಯ ಕೋಶಗಳಿಂದ ಹೃದಯದ ಸ್ನಾಯು ಮರುಹುಟ್ಟುತ್ತದೆ ಎಂದು ಪಿಯೆರೊ ಅನ್ವೆರ್ಸಾ ಸೇರಿದಂತೆ ಸಂಶೋಧಕರ ತಂಡವೊಂದು 2001ರಲ್ಲಿ 'ನೇಚರ್'ನಲ್ಲಿ ಹೇಳಿತು. 2004ರಲ್ಲಿ ಅದೇ ಪತ್ರಿಕೆಯಲ್ಲಿ ಬೇರೆ ಎರಡು ತಂಡಗಳು, ಹಾಗಾಗುವುದು ತಮಗೆ ಕಾಣಲಿಲ್ಲ ಎಂದು ವರದಿ ಮಾಡಿದವು. ಮೊದಲ ಲೇಖನದ ಲೆಕ್ಕಕ್ಕೆ ಇಂಥ ಉಲ್ಲೇಖಗಳೂ ಸೇರುತ್ತವೆ. 2018ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆ ಮತ್ತು ಬ್ರಿಗಂ ಆಸ್ಪತ್ರೆ, ಅನ್ವೆರ್ಸಾ ಪ್ರಯೋಗಾಲಯದ 31 ಲೇಖನಗಳನ್ನು ಹಿಂಪಡೆಯುವಂತೆ ಪತ್ರಿಕೆಗಳಿಗೆ ಹೇಳಿದವು. ಹಿಂಪಡೆದ ಲೇಖನಕ್ಕೂ ಉಲ್ಲೇಖ ಬರುತ್ತಲೇ ಇರುತ್ತದೆ. ಆದ್ದರಿಂದ ಪ್ರತಿ ಮುಖ್ಯ ಲೇಖನದ ಪಬ್‌ಮೆಡ್ ಪುಟದಲ್ಲಿ ಹಿಂಪಡೆದ ಸೂಚನೆ ಇದೆಯೇ ಎಂದು ನೋಡಿ.

ಪ್ರಶ್ನೆ: ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿದರೆ ಸಾಲದೇ?

ಸಾಲದು. ಅದು ಹಿಂದಿನ ಎರಡು ವರ್ಷಗಳ ಲೇಖನಗಳಿಗೆ ಈ ವರ್ಷ ಬಂದ ಉಲ್ಲೇಖಗಳ ಸರಾಸರಿ, ಅಂದರೆ ಪತ್ರಿಕೆಯ ಗುಣ, ಒಂದೊಂದು ಲೇಖನದ್ದಲ್ಲ; ನಾಲ್ಕಾರು ಲೇಖನಗಳೇ ಅದನ್ನು ಎತ್ತಿ ಹಿಡಿದಿರಬಹುದು. ಲೇಖನವೊಂದನ್ನು ಅದರದೇ ಕ್ಷೇತ್ರದೊಂದಿಗೆ ಹೋಲಿಸಲು ಅಮೆರಿಕ ಸರ್ಕಾರದ ವೈದ್ಯಕೀಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್‌ನ ಉಚಿತ 'ಐಸೈಟ್' (iCite) ಜಾಲತಾಣ ಮೇಲು. ಪಬ್‌ಮೆಡ್ ಸಂಖ್ಯೆಗಳನ್ನು ಅಲ್ಲಿ ಹಾಕಿದರೆ ಪ್ರತಿ ಲೇಖನಕ್ಕೂ ಒಂದು ಅನುಪಾತ ಸಿಗುತ್ತದೆ, 1.0 ಎಂದರೆ ಎನ್‌ಐಎಚ್ ಅನುದಾನಿತ ಲೇಖನಗಳ ಮಧ್ಯಮ ಮಟ್ಟ. ತೀರಾ ಹೊಸ ಲೇಖನಕ್ಕೆ ಉಲ್ಲೇಖ ಕೂಡಿಕೊಳ್ಳಲು ಸಮಯವೇ ಸಿಕ್ಕಿರುವುದಿಲ್ಲವಾದ್ದರಿಂದ, ಅದನ್ನು ಈ ಅಳತೆಗೂ ಒಡ್ಡದೆ ಓದಿಯೇ ತೂಗಬೇಕು.