ಕಿಂಗ್ ಹುಡುಕಬೇಡಿ, ಮದುವೆ ಹುಡುಕಿ

ಪ್ರಶ್ನೆ: ಮಗಳು ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿದ್ದಾಳೆ. ಅಳಿಯನ ಮನೆತನದ ಹೆಸರು ಕಿಂಗ್. ಅವರ ಮುತ್ತಾತ ಕೆನಡಾದ ಕ್ವಿಬೆಕ್‌ನಿಂದ ಲೋವೆಲ್‌ನ ಬಟ್ಟೆ ಗಿರಣಿಗೆ ಕೆಲಸಕ್ಕೆ ಬಂದವರಂತೆ, ಮನೆಯಲ್ಲಿ ಫ್ರೆಂಚ್ ಮಾತಾಡುತ್ತಿದ್ದರಂತೆ. ಮೊಮ್ಮಗಳಿಗಾಗಿ ವಂಶವೃಕ್ಷ ಮಾಡೋಣ ಅಂತ ಕೂತರೆ ಕ್ವಿಬೆಕ್ ದಾಖಲೆಯಲ್ಲಿ ಈ ಕಿಂಗ್ ಸಿಗುತ್ತಲೇ ಇಲ್ಲ. ಸುಮ್ನೆ ಡಿಎನ್ಎ ಪರೀಕ್ಷೆ ಮಾಡಿಸಿಬಿಟ್ಟರೆ ಸಾಕಾ?

ಉತ್ತರ: ಸಿಗುವುದು ಕಷ್ಟವೇ. 1840ರಿಂದ 1930ರ ನಡುವೆ ಸುಮಾರು 9 ಲಕ್ಷ ಫ್ರೆಂಚ್ ಕೆನಡಿಯನ್ನರು ಅಮೆರಿಕಕ್ಕೆ ಬಂದರು. ಬಂದ ಮೇಲೆ ಎಷ್ಟೋ ಜನರ ಹೆಸರು ಇಂಗ್ಲಿಷ್ ಆಯಿತು. ಲೆಬ್ಲಾಂಕ್ ವೈಟ್ ಆದರು, ಬುವಾವೆರ್ ಗ್ರೀನ್‌ವುಡ್ ಆದರು. ನಿಮ್ಮ ಕಿಂಗ್ ಬಹುಶಃ ರಾಯ್. ಫ್ರೆಂಚರು ಅದನ್ನು ರ್ವಾ ಎನ್ನುತ್ತಾರೆ, ಅಂದರೆ ರಾಜ. ರಾಜವಂಶ ಅಂತ ಮೊಮ್ಮಗಳಿಗೆ ಹೇಳಬೇಡಿ, ಪಾಪ, ನಂಬಿಬಿಡುತ್ತಾಳೆ!

ಇನ್ನೊಂದು ತೊಡಕಿದೆ. ಕ್ವಿಬೆಕ್‌ನ ಹಳೇ ದಾಖಲೆಯಲ್ಲಿ ಎಷ್ಟೋ ಜನರಿಗೆ ಎರಡೆರಡು ಹೆಸರು, ನಡುವೆ 'ದಿ' ಎಂಬ ಪದ. 'ಹೀಗೂ ಕರೆಯುತ್ತಾರೆ' ಅಂತ ಅದರ ಅರ್ಥ. ಡಿ, ಐ, ಟಿ ಅಂತ ಬರೆದಿರುತ್ತದೆ. ನಮ್ಮೂರಲ್ಲಿ ಮೂರು ಸಿದ್ದಪ್ಪ ಇದ್ದರೆ ಒಬ್ಬ ಮೇಲ್ಮನೆ ಸಿದ್ದಪ್ಪ ಆಗುತ್ತಾನಲ್ಲ, ಹಾಗೆ. ಸೈನಿಕರಿಗಂತೂ ಪಡೆಯಲ್ಲೇ ಅಡ್ಡಹೆಸರು ಇಡುತ್ತಿದ್ದರು. 1665ರಲ್ಲಿ ಫ್ರಾನ್ಸ್‌ನ ಕಾರಿನ್ಯಾನ್ ಸಾಲಿಯೇರ್ ಪಡೆಯ ಜೊತೆ ಸುಮಾರು 1,200 ಸೈನಿಕರು ಕ್ವಿಬೆಕ್‌ಗೆ ಬಂದರು, ಅವರಲ್ಲಿ ಸುಮಾರು 400 ಮಂದಿ ಅಲ್ಲೇ ನೆಲೆಸಿದರು. ಅಂಥವರಲ್ಲಿ ಒಬ್ಬ ಆಂತ್ವಾನ್ ರಾಯ್ ದಿ ದೆಜಾರ್ದಾಂ. 1668ರಲ್ಲಿ ಕ್ವಿಬೆಕ್‌ನಲ್ಲಿ ಮರಿ ಮಾಜೋರ್‌ಳನ್ನು ಮದುವೆಯಾದ. ದೊರೆ ಖರ್ಚು ಕೊಟ್ಟು ಫ್ರಾನ್ಸ್‌ನಿಂದ ಕಳಿಸಿದ ಸುಮಾರು 770 ಹೆಣ್ಣುಮಕ್ಕಳಲ್ಲಿ ಆಕೆಯೂ ಒಬ್ಬಳು. ಮುಂದೆ ಇಂಥ ಜೋಡಿ ಹೆಸರಿನ ಮನೆತನದಲ್ಲಿ ಒಬ್ಬ ಮಗ ರಾಯ್ ಅಂತ ಬರೆಸುತ್ತಾನೆ, ಅವನ ತಮ್ಮ ದೆಜಾರ್ದಾಂ ಅಂತ ಬರೆಸುತ್ತಾನೆ, ಮೂರನೆಯವನು ಅಮೆರಿಕಕ್ಕೆ ಹೋಗಿ ಕಿಂಗ್ ಆಗುತ್ತಾನೆ. 1900ರಲ್ಲಿ ಲೆವಿ ಊರಲ್ಲಿ ಸಹಕಾರಿ ಬ್ಯಾಂಕ್ ಕಟ್ಟಿದ ಆಲ್ಫೋನ್ಸ್ ದೆಜಾರ್ದಾಂ ಹೆಸರು ಕೇಳಿರಬಹುದು. ಅವರ ತಂದೆ ದಾಖಲೆಯಲ್ಲಿ ರಾಯ್ ದಿ ದೆಜಾರ್ದಾಂ, ತಾಯಿ ಮಿವಿಲ್ ದಿ ದೆಶೇನ್. ಹೀಗಿರುವಾಗ ಒಂದೇ ಹೆಸರು ಹಿಡಿದು ಹುಡುಕಿದರೆ ಅರ್ಧ ಕುಟುಂಬ ಕೈತಪ್ಪುತ್ತದೆ.

ಅದಕ್ಕೇ ಮದುವೆ ಹುಡುಕಿ. ಕ್ವಿಬೆಕ್‌ನ ಕ್ಯಾಥೊಲಿಕ್ ಚರ್ಚ್ ಪುಸ್ತಕಗಳಲ್ಲಿ ಮದುವೆ ಬರೆಯುವಾಗ ಗಂಡಿನ ತಂದೆತಾಯಿ, ಹೆಣ್ಣಿನ ತಂದೆತಾಯಿ, ನಾಲ್ವರ ಹೆಸರೂ ಸಾಮಾನ್ಯವಾಗಿ ಇರುತ್ತದೆ. ಎರಡನೇ ಮದುವೆಯಾದರೆ ಮಾತ್ರ ಹೆಚ್ಚಾಗಿ ತೀರಿಹೋದ ಗಂಡನ ಅಥವಾ ಹೆಂಡತಿಯ ಹೆಸರಷ್ಟೇ, ಆಗ ಮೊದಲ ಮದುವೆ ಹುಡುಕಬೇಕು. ಹೆಂಗಸರನ್ನು ಸಾಯುವವರೆಗೂ ತವರಿನ ಹೆಸರಲ್ಲೇ ಬರೆಯುತ್ತಿದ್ದರು. ನಮಗೆ ಇದಕ್ಕಿಂತ ದೊಡ್ಡ ಉಪಕಾರ ಇಲ್ಲ. ಸಾವಿರ ಜನ ರಾಯ್ ಇರಬಹುದು, ಆದರೆ ಅವರ ಹೆಂಡತಿಯ ಹೆಸರೂ ಸೇರಿಸಿ ಹುಡುಕಿದರೆ ಬೆರಳೆಣಿಕೆ ಜೋಡಿ ಉಳಿಯುತ್ತದೆ. ಒಂದು ಮದುವೆಯಿಂದ ಹಿಂದಿನ ಮದುವೆಗೆ, ಅಲ್ಲಿಂದ ಇನ್ನೂ ಹಿಂದಕ್ಕೆ ಹೋಗುತ್ತಿರಿ.

ಮೊದಲ ಹೆಜ್ಜೆ ಅಮೆರಿಕದಲ್ಲೇ. ಮುತ್ತಾತನ ಮಕ್ಕಳ ಜ್ಞಾನಸ್ನಾನ ಲೋವೆಲ್‌ನ ಫ್ರೆಂಚ್ ಚರ್ಚಿನಲ್ಲಿ ಆಗಿದ್ದರೆ, ಪಾದ್ರಿ ಹೆಚ್ಚಾಗಿ ಫ್ರೆಂಚಿನಲ್ಲೇ ಬರೆದಿರುತ್ತಾರೆ, ಹಳೇ ಹೆಸರು ಅಲ್ಲೇ ಸಿಗಬಹುದು. ಆಮೇಲೆ ಫ್ಯಾಮಿಲಿಸರ್ಚ್ ಎಂಬ ಜಾಲತಾಣದಲ್ಲಿ ಕ್ವಿಬೆಕ್ ಚರ್ಚ್ ಪುಸ್ತಕಗಳ ಚಿತ್ರಗಳನ್ನು ದುಡ್ಡು ಕೊಡದೆ ನೋಡಬಹುದು. ಹಳೇ ಕಾಲಕ್ಕೆ ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಿಆರ್‌ಡಿಎಚ್ ದತ್ತಾಂಶ ನನಗೆ ಜಾಸ್ತಿ ಇಷ್ಟ. ದುಡ್ಡು ಕೊಡಬೇಕು, ಆದರೆ ಕುಟುಂಬಗಳನ್ನು ಅವರೇ ಜೋಡಿಸಿಟ್ಟಿದ್ದಾರೆ. ಪಾದ್ರಿ ತಾಂಗೇ ಬರೆದ ಏಳು ಸಂಪುಟಗಳ ವಂಶಾವಳಿ ನಿಘಂಟನ್ನೂ ಜನ ತೋರಿಸುತ್ತಾರೆ. ಅದು 19ನೇ ಶತಮಾನದ್ದು, ತಪ್ಪುಗಳಿವೆ, ಸುಳಿವಿಗೆ ಮಾತ್ರ ಇಟ್ಟುಕೊಳ್ಳಿ. ಯಾರೋ ಆನ್‌ಲೈನಲ್ಲಿ ಹಾಕಿದ ವಂಶವೃಕ್ಷವನ್ನಂತೂ ಮೂಲ ಪುಟ ನೋಡದೆ ನಕಲು ಮಾಡಲೇಬೇಡಿ.

ಮೂಲ ಅಕಾಡಿಯಾ, ಅಂದರೆ ಈಗಿನ ನೋವಾ ಸ್ಕೋಷಿಯಾ ಸುತ್ತಲಿನ ಕಡೆಯದಾದರೆ ಕಥೆ ಬೇರೆ. 1755ರಿಂದ ಬ್ರಿಟಿಷರು ಅಲ್ಲಿನ ಫ್ರೆಂಚರನ್ನು ಗಡೀಪಾರು ಮಾಡಿದರು, ಎಷ್ಟೋ ಚರ್ಚ್ ಪುಸ್ತಕಗಳು ಉಳಿದಿಲ್ಲ.

ಡಿಎನ್ಎ ಮಾಡಿಸಿ, ಬೇಡ ಅನ್ನಲ್ಲ. ಆದರೆ ಕ್ವಿಬೆಕ್ ಫ್ರೆಂಚರದು ಕೆಲವೇ ಸಾವಿರ ಜನರಿಂದ ಬೆಳೆದ ಸಮುದಾಯ, ಒಂದೇ ಪೂರ್ವಜರು ನಾಲ್ಕೈದು ಕಡೆಯಿಂದ ಬರುತ್ತಾರೆ. ಹಾಗಾಗಿ ದೂರದ ಸಂಬಂಧಿ ಹತ್ತಿರದವರಂತೆ ಕಾಣುತ್ತಾರೆ. ಮುತ್ತಾತ ಮತ್ತು ಮುತ್ತಜ್ಜಿಯ ಮದುವೆ ದಾಖಲೆ ಸಿಕ್ಕಿದ ಮೇಲೆ ಮಾಡಿಸಿದರೆ ಪ್ರಯೋಜನ ಜಾಸ್ತಿ.