ಎನ್‌ಕ್ರುಮಾ ಜೀವನಚಿತ್ರ: ಹಸ್ತಪ್ರತಿಯ ಬಗ್ಗೆ ಸಂಪಾದಕರ ಉತ್ತರ

ಮಾನ್ಯರೇ,

ಘಾನಾದ ಮೊದಲ ಪ್ರಧಾನಿ ಕ್ವಾಮೆ ಎನ್‌ಕ್ರುಮಾ ಅವರನ್ನು ಕುರಿತು ತಾವು ಕಳುಹಿಸಿದ ಜೀವನಚಿತ್ರವನ್ನು ಆಸಕ್ತಿಯಿಂದ ಓದಿದೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲಾಗದು.

ಬರಹದ ಮುಕ್ಕಾಲು ಪಾಲು 1957ರ ಮಾರ್ಚ್ 6ರ ಸ್ವಾತಂತ್ರ್ಯ ದಿನವನ್ನು ತಲುಪುವುದರಲ್ಲೇ ಕಳೆದುಹೋಗಿದೆ. ಸೆರೆಯಲ್ಲಿದ್ದುಕೊಂಡೇ 1951ರ ಚುನಾವಣೆಯಲ್ಲಿ ರಾಜಧಾನಿ ಅಕ್ರಾದಿಂದ ಗೆದ್ದು, ಜೇಮ್ಸ್ ಕೋಟೆಯ ಜೈಲಿನಿಂದ ನೇರವಾಗಿ ಅಧಿಕಾರದತ್ತ ನಡೆದ ಪ್ರಸಂಗವನ್ನು ತಾವು ಸೊಗಸಾಗಿ ಬರೆದಿದ್ದೀರಿ, ಅದನ್ನು ಮುಟ್ಟಬೇಡಿ. ಆದರೆ ಮುಂದಿನ ಒಂಬತ್ತು ವರ್ಷಗಳ ಆಡಳಿತಕ್ಕೆ ದೊರೆತಿರುವುದು ಒಂದೇ ಪ್ಯಾರಾ, ಅದರಲ್ಲೂ 1966ರ ಫೆಬ್ರುವರಿ 24ರ ಸೇನಾ ದಂಗೆಗೆ ‘ವಿದೇಶಿ ಪಿತೂರಿ’ ಎಂಬ ಒಂದೇ ಕಾರಣ. ವಿದೇಶಿ ಕೈವಾಡದ ಚರ್ಚೆಗೆ ಜಾಗವಿರಲಿ. ಆದರೆ ದೇಶದ ಬೊಕ್ಕಸಕ್ಕೆ ಆಧಾರವಾಗಿದ್ದ ಕೋಕೋದ ಬೆಲೆ ವಿಶ್ವ ಮಾರುಕಟ್ಟೆಯಲ್ಲಿ ಕುಸಿದದ್ದನ್ನೂ, ವಿಚಾರಣೆಯಿಲ್ಲದೆ ಐದು ವರ್ಷ ಸೆರೆಯಲ್ಲಿಡಲು ಅವಕಾಶ ಕೊಟ್ಟ 1958ರ ಮುಂಜಾಗ್ರತಾ ಬಂಧನ ಕಾಯ್ದೆಯನ್ನೂ, 1964ರಲ್ಲಿ ದೇಶ ಏಕಪಕ್ಷ ರಾಷ್ಟ್ರವಾದದ್ದನ್ನೂ ಬಿಟ್ಟರೆ, ಸರ್ಕಾರ ಉರುಳಿದಾಗ ಅಕ್ರಾದ ಬೀದಿಗಳಲ್ಲಿ ಜನ ಏಕೆ ಸಂಭ್ರಮಿಸಿದರೆಂಬುದು ಓದುಗರಿಗೆ ತಿಳಿಯುವ ಬಗೆ ಹೇಗೆ?

ಇದಕ್ಕಿಂತ ದೊಡ್ಡ ಕೊರತೆ ಜೆ. ಬಿ. ಡಾನ್‌ಕ್ವಾ ಅವರ ಕುರಿತದ್ದು. ಅವರ ಹೆಸರು ತಮ್ಮ ಬರಹದಲ್ಲಿ ಒಮ್ಮೆ ಬಂದು ಮರೆಯಾಗುತ್ತದೆ. 1947ರಲ್ಲಿ ಎನ್‌ಕ್ರುಮಾ ಅವರನ್ನು ಲಂಡನ್ನಿನಿಂದ ಪ್ರಧಾನ ಕಾರ್ಯದರ್ಶಿಯಾಗಿ ಕರೆಸಿಕೊಂಡ ಸ್ವಾತಂತ್ರ್ಯ ಹೋರಾಟದ ಸಂಘಟನೆಯ ಮುಂದಾಳುಗಳಲ್ಲಿ ಅವರೂ ಒಬ್ಬರು. ಮರುವರ್ಷ ಮಾಜಿ ಸೈನಿಕರ ಮೆರವಣಿಗೆಯ ಮೇಲೆ ಪೊಲೀಸರು ಗುಂಡು ಹಾರಿಸಿ, ಅಕ್ರಾ ಹೊತ್ತಿ ಉರಿದಾಗ ಬ್ರಿಟಿಷರು ಬಂಧಿಸಿದ ಆರು ನಾಯಕರಲ್ಲಿ ಇಬ್ಬರೂ ಇದ್ದರು. 1960ರ ಅಧ್ಯಕ್ಷ ಚುನಾವಣೆಯಲ್ಲಿ ಎದುರಾಳಿಗಳಾದರು. 1965ರಲ್ಲಿ ಡಾನ್‌ಕ್ವಾ, ಹಳೆಯ ಸಂಗಾತಿಯ ಸರ್ಕಾರವೇ ಕೂಡಿಹಾಕಿದ್ದ ನ್ಸವಾಮ್ ಸೆರೆಮನೆಯಲ್ಲಿ ತೀರಿಕೊಂಡರು. ನಾನಾಗಿದ್ದರೆ ಬರಹವನ್ನು ನ್ಸವಾಮ್‌ನಿಂದಲೇ ಆರಂಭಿಸುತ್ತಿದ್ದೆ, ಏಕೆಂದರೆ ವಸಾಹತು ಸರ್ಕಾರದ ಸೆರೆವಾಸವನ್ನು ಸ್ವತಃ ಉಂಡವರು ಅಧಿಕಾರ ಹಿಡಿದು ಅದೇ ಅಸ್ತ್ರವನ್ನು ಎತ್ತಿಕೊಂಡದ್ದು ಹೇಗೆಂಬ ಪ್ರಶ್ನೆಯನ್ನು ಬಿಟ್ಟು ಈ ಬದುಕನ್ನು ಬರೆಯಲಾಗದು.

ಹಾಗೆಂದು ಎನ್‌ಕ್ರುಮಾ ಅವರನ್ನು ಖಳನಾಯಕನನ್ನಾಗಿಸಿ ಎನ್ನುತ್ತಿಲ್ಲ. ದಂಗೆಗೆ ತಿಂಗಳ ಹಿಂದೆಯಷ್ಟೇ ಉದ್ಘಾಟನೆಗೊಂಡ ಆಕೊಸೊಂಬೊ ಅಣೆಕಟ್ಟು ಅವರ ಹಟದ ಫಲ. ಅದಕ್ಕೂ ಒಂದು ಪುಟ ಮೀಸಲಿಡಿ. ‘ಯುಗಪುರುಷ’, ‘ಮಹಾಚೇತನ’ ಮೊದಲಾದ ವಿಶೇಷಣಗಳನ್ನು ಹೊಡೆದುಹಾಕಿದರೆ ಆ ಪುಟಕ್ಕೆ ಬೇಕಾದ ಜಾಗ ತಾನಾಗಿ ಸಿಗುತ್ತದೆ. ದಂಗೆಯ ನಂತರ ಗಿನಿ ದೇಶದಲ್ಲಿ ಪಡೆದ ಆಶ್ರಯ, 1972ರಲ್ಲಿ ರೊಮೇನಿಯಾದ ಬುಖಾರೆಸ್ಟ್‌ನಲ್ಲಾದ ಸಾವು, ಇವೆರಡೂ ನಾಲ್ಕೈದು ಸಾಲಿನಲ್ಲಿ ಮುಗಿಯಲಿ.

ತಿದ್ದಿ ಬರೆದ ಪ್ರತಿಯನ್ನು ಕಳುಹಿಸಿದರೆ ಖಂಡಿತ ಓದುತ್ತೇನೆ.

ಇಂತು,
ಸಂಪಾದಕ